ಬಿಡದ ಸೀನು, ಸೋರುವ ಮೂಗು: ಒಗ್ಗದಿಕೆಯ ನೆಗಡಿಗೆ ಕಾರಣ ಮತ್ತು ಚಿಕಿತ್ಸೆ

ಕಬಿನಿ ನಾಲೆಯ ನೀರು ಹರಿಯುವ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಭತ್ತದ ಕಟಾವು ಮುಗಿದು ಒಕ್ಕಣೆಗೆ ತೊಡಗುವ ದಿನಗಳೆಂದರೆ ರೈತ ಕುಟುಂಬಗಳಿಗೆ ಬಿಡುವಿಲ್ಲದ ಕಾಲ. ಕೆಲವರಿಗೆ ಇದೇ ಕಾಲದಲ್ಲಿ ಬೆಳಿಗ್ಗೆ ಎದ್ದೊಡನೆ ಹತ್ತು ಹದಿನೈದು ಸೀನುಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಮೂಗಿನಿಂದ ನೀರು ಸುರಿಯುತ್ತದೆ, ಕಣ್ಣು ಕೆಂಪಾಗಿ ತುರಿಸುತ್ತದೆ, ರಾತ್ರಿ ಮೂಗು ಕಟ್ಟಿ ನಿದ್ರೆ ಬರುವುದಿಲ್ಲ. ಇದನ್ನು ಸಾಮಾನ್ಯ ನೆಗಡಿ ಎಂದು ಭಾವಿಸಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು, ಇಲ್ಲವೆ ತಾನಾಗಿಯೇ ಹೋಗುತ್ತದೆಂದು ಸುಮ್ಮನಿರುವುದು ರೂಢಿಯಾಗಿದೆ. ಆದರೆ ವಾರಗಟ್ಟಲೆ ಬಿಡದ, ಪ್ರತಿ ವರ್ಷ ಅದೇ ಕಾಲಕ್ಕೆ ಅಥವಾ ಅದೇ ಕೆಲಸ ಮಾಡುವಾಗ ಮರುಕಳಿಸುವ ಇಂಥ ತೊಂದರೆ ಬಹುಮಟ್ಟಿಗೆ ನೆಗಡಿಯಲ್ಲ. ಅದು ಒಗ್ಗದಿಕೆ (ಅಲರ್ಜಿ). ಇದನ್ನು ಅಲಕ್ಷಿಸಿದಲ್ಲಿ ಕೆಲವರಲ್ಲಿ ಮುಂದೆ ಉಬ್ಬಸವೂ ಕಾಣಿಸಿಕೊಂಡು, ದುಡಿಯುವ ಶಕ್ತಿಗೇ ಸಂಚಕಾರ ಬರಬಹುದು. ಆದುದರಿಂದ ಇದರ ಕಾರಣ, ಲಕ್ಷಣ, ತಡೆ ಮತ್ತು ಚಿಕಿತ್ಸೆಗಳ ಪರಿಚಯ ಪ್ರತಿಯೊಬ್ಬ ರೈತನಿಗೂ ಅವಶ್ಯಕ.

ನೆಗಡಿಗೂ ಒಗ್ಗದಿಕೆಗೂ ಇರುವ ವ್ಯತ್ಯಾಸ

ಸಾಮಾನ್ಯ ನೆಗಡಿಯು ವೈರಸ್‌ಗಳಿಂದ ಬರುವ ಅಂಟುರೋಗ. ಗಂಟಲು ಕೆರೆತ, ಮೈಕೈ ನೋವು, ಕೆಲವೊಮ್ಮೆ ಸಣ್ಣ ಜ್ವರ ಇರುತ್ತವೆ. ಮೊದಲು ನೀರಾಗಿರುವ ಸಿಂಬಳ ಎರಡು ಮೂರು ದಿನಗಳಲ್ಲಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 7 ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ.

ಒಗ್ಗದಿಕೆಯ ನೆಗಡಿಯಲ್ಲಿ ಜ್ವರ ಇರುವುದಿಲ್ಲ. ಮೂಗು, ಕಣ್ಣು, ಅಂಗುಳ ಮತ್ತು ಕಿವಿಯ ಒಳಗೆ ತುರಿಕೆ ಇರುವುದು ಇದರ ಮುಖ್ಯ ಗುರುತು. ಸಿಂಬಳ ನೀರಿನಂತೆಯೇ ಇರುತ್ತದೆ. ಧೂಳಿನ ಜಾಗಕ್ಕೆ ಹೋದ ಕೆಲವೇ ನಿಮಿಷಗಳಲ್ಲಿ ಸೀನು ಆರಂಭವಾಗಿ, ಆ ಜಾಗ ಬಿಟ್ಟ ಮೇಲೆ ಕಡಿಮೆಯಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ತಂದೆ ಅಥವಾ ತಾಯಿಗೆ ಒಗ್ಗದಿಕೆ, ಉಬ್ಬಸ ಅಥವಾ ಇಸಬು ಇದ್ದಲ್ಲಿ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಮೂಗಿನ ತುದಿಯನ್ನು ಅಂಗೈಯಿಂದ ಮೇಲಕ್ಕೆ ಉಜ್ಜಿಕೊಳ್ಳುವ, ಬಾಯಿಯಿಂದ ಉಸಿರಾಡುವ, ಕಣ್ಣಿನ ಕೆಳಗೆ ಕಪ್ಪಾಗಿರುವ ಮಕ್ಕಳಲ್ಲಿ ಈ ರೋಗವನ್ನು ಶಂಕಿಸಬೇಕು.

ಒಗ್ಗದಿಕೆ ಹೇಗೆ ಉಂಟಾಗುತ್ತದೆ?

ಮೂಗು ಕೇವಲ ಗಾಳಿಯ ದಾರಿಯಲ್ಲ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳನ್ನು ಸೋಸುವ ಕೆಲಸ ಅದರದು. ಕೆಲವರ ಶರೀರವು ಅಪಾಯಕಾರಿಯಲ್ಲದ ಹೂವಿನ ಪರಾಗ, ಬೂಷ್ಟಿನ ಬೀಜಕಣ ಅಥವಾ ಹುಳುವಿನ ಹೊಟ್ಟನ್ನು ಶತ್ರುವೆಂದು ತಪ್ಪಾಗಿ ತಿಳಿದು, ಅದರ ವಿರುದ್ಧ ವಿಶೇಷವಾದ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಇವಕ್ಕೆ ಐಜಿಇ ಎಂದು ಹೆಸರು. 1960ರ ದಶಕದ ಉತ್ತರಾರ್ಧದಲ್ಲಿ ಇವನ್ನು ಗುರುತಿಸಲಾಯಿತು. ಈ ಪ್ರತಿಕಾಯಗಳು ಮೂಗಿನ ಲೋಳೆಪೊರೆಯಲ್ಲಿರುವ ಕೆಲವು ಜೀವಕೋಶಗಳಿಗೆ ಅಂಟಿ ಕುಳಿತಿರುತ್ತವೆ. ಮುಂದೆ ಅದೇ ವಸ್ತು ಮೂಗಿಗೆ ಬಂದಾಗ ಆ ಜೀವಕೋಶಗಳು ಒಡೆದಂತಾಗಿ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಸೀನು, ತುರಿಕೆ, ನೀರು ಸೋರುವಿಕೆಗಳಿಗೆ ಹಿಸ್ಟಮಿನ್ ಕಾರಣ. ಕೆಲವು ಗಂಟೆಗಳ ನಂತರ ಪೊರೆ ಊದಿಕೊಂಡು ಮೂಗು ಕಟ್ಟುತ್ತದೆ. ಹಗಲು ಕಣದಲ್ಲಿ ಕೆಲಸ ಮಾಡಿದವರಿಗೆ ರಾತ್ರಿ ಉಸಿರು ಕಟ್ಟಿದಂತಾಗುವುದು ಇದರಿಂದಲೇ.

ಮೊದಲ ಸಲ ಒಂದು ವಸ್ತುವಿನ ಸಂಪರ್ಕಕ್ಕೆ ಬಂದಾಗಲೇ ತೊಂದರೆ ಕಾಣುವುದಿಲ್ಲ ಎಂಬುದನ್ನು ಗಮನಿಸಬೇಕು. 'ಇಪ್ಪತ್ತು ವರ್ಷದಿಂದ ಹುಳು ಸಾಕಿದ್ದೇನೆ, ಆಗ ಇಲ್ಲದ್ದು ಈಗೇಕೆ?' ಎಂದು ಕೇಳುವವರಿಗೆ ಉತ್ತರ ಇದೇ. ಶರೀರವು ತಿಂಗಳುಗಳು ಅಥವಾ ವರ್ಷಗಳ ಸಂಪರ್ಕದ ನಂತರವೂ ಒಗ್ಗದಿಕೆಯನ್ನು ಬೆಳೆಸಿಕೊಳ್ಳಬಹುದು.

ಈ ಪ್ರದೇಶದಲ್ಲಿ ಮುಖ್ಯವಾದ ಕಾರಣಗಳು

(1) ಕಾಂಗ್ರೆಸ್ ಗಿಡ (ಪಾರ್ಥೇನಿಯಂ): ಅಮೆರಿಕ ಖಂಡದ ಮೂಲದ ಈ ಕಳೆಯು 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು, ಅಲ್ಲಿಂದೀಚೆಗೆ ದೇಶದ ಬಹುಭಾಗಕ್ಕೆ ಹರಡಿದೆ. ರಸ್ತೆ ಬದಿ, ನಾಲೆಯ ಏರಿ, ಬೀಳು ಭೂಮಿ, ಹಿತ್ತಲು ಎಲ್ಲೆಂದರಲ್ಲಿ ಬೆಳೆಯುತ್ತದೆ. ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು. ಒಂದು ಗಿಡವೇ ಸಾವಿರಾರು ಬೀಜ ಉದುರಿಸುತ್ತದೆ. ತೇವ ಇರುವೆಡೆ ವರ್ಷವಿಡೀ ಹೂವಿರುತ್ತದೆ. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಗ್ಗದಿಕೆಯ ನೆಗಡಿಯಿಂದ ನರಳುತ್ತಿದ್ದವರ ಪೈಕಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರ ಚರ್ಮವು ಈ ಗಿಡದ ಪರಾಗಕ್ಕೆ ಪ್ರತಿಕ್ರಿಯೆ ತೋರಿತು. ಇದೇ ಗಿಡ ಮೈಗೆ ತಗಲಿ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಉಂಟುಮಾಡುವ ಚರ್ಮರೋಗವು ಬೇರೆ ಬಗೆಯ ಒಗ್ಗದಿಕೆ. ಒಬ್ಬರಲ್ಲಿಯೇ ಎರಡೂ ಇರಬಹುದು.

(2) ಇತರ ಪರಾಗಗಳು: ಗಾಳಿಯಲ್ಲಿ ತೇಲುವ ಹಗುರ ಪರಾಗವೇ ಹೆಚ್ಚು ತೊಂದರೆ ಕೊಡುತ್ತದೆ. ಹುಲ್ಲಿನ ಜಾತಿಗಳು, ಜೇಕು, ಸರ್ವೆ, ಹರಳು, ಬಳ್ಳಾರಿ ಜಾಲಿ, ಕೀರೆ ಜಾತಿಯ ಕಳೆಗಳು ಇವುಗಳಲ್ಲಿ ಕೆಲವು. ಹೊಳೆ ದಂಡೆಯಲ್ಲಿ ಸರ್ವೆ ತೋಪು ಇರುವವರು ಅದು ಹೂ ಬಿಡುವ ಕಾಲವನ್ನು ಗಮನಿಸಬೇಕು. ಬಣ್ಣದ, ಸುವಾಸನೆಯ ದೊಡ್ಡ ಹೂಗಳ ಪರಾಗ ಅಂಟಾಗಿದ್ದು ದುಂಬಿಗಳ ಮೂಲಕ ಸಾಗುವುದರಿಂದ, ಜನ ದೂರುವಷ್ಟು ಅವು ಕಾರಣವಲ್ಲ.

(3) ಒಕ್ಕಣೆಯ ಧೂಳು ಮತ್ತು ಬೂಷ್ಟು: ಭತ್ತ ಮತ್ತು ರಾಗಿಯ ಸುಂಕು ಮೂಗಿನ ಪೊರೆಯನ್ನು ಕೆರೆದು ಕೆರಳಿಸುತ್ತದೆ. ಅದರೊಡನೆ ಬೂಷ್ಟಿನ ಬೀಜಕಣಗಳೂ ಸೇರಿರುತ್ತವೆ. ಹಸಿ ಹುಲ್ಲನ್ನೇ ಮೆದೆ ಹಾಕಿದಲ್ಲಿ ಒಳಗೆ ಬಿಸಿಯೇರಿ ಬೂಷ್ಟು ಬೆಳೆಯುತ್ತದೆ. ಅಂಥ ಮೆದೆಯಿಂದ ಹುಲ್ಲು ಹಿರಿಯುವಾಗ ಬೂದಿಯಂತೆ ಏಳುವ ಧೂಳು ಸೀನಿಗಷ್ಟೇ ಅಲ್ಲ, ಶ್ವಾಸಕೋಶದ ಉರಿಯೂತಕ್ಕೂ ಕಾರಣವಾಗಬಹುದು. ಕೆಲಸ ಮಾಡಿದ 4 ರಿಂದ 8 ಗಂಟೆಗಳ ನಂತರ ಚಳಿ, ಜ್ವರ, ಒಣಕೆಮ್ಮು, ಏದುಸಿರು ಬಂದಲ್ಲಿ ಅದು ನೆಗಡಿಯೂ ಅಲ್ಲ, ಮಲೇರಿಯಾ ಎಂದೂ ತಿಳಿಯಬಾರದು. ವೈದ್ಯರಿಗೆ ಹುಲ್ಲಿನ ವಿಷಯವನ್ನು ತಪ್ಪದೆ ಹೇಳಬೇಕು.

(4) ರೇಷ್ಮೆ ಹುಳು ಸಾಕಣೆ: ಈ ಭಾಗದ ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಹುಳುವಿನ ಹಾಸಿಗೆ ಸ್ವಚ್ಛ ಮಾಡುವಾಗ ಏಳುವ ಒಣಗಿದ ಹಿಕ್ಕೆ, ಜ್ವರ ಎದ್ದ ಹುಳು ಕಳಚಿದ ಪೊರೆ, ಎಲೆಯ ಪುಡಿ, ಸುಣ್ಣ ಇವೆಲ್ಲ ಮೂಗಿಗೆ ಹೋಗುತ್ತವೆ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಯ ಹೊಟ್ಟು ಇನ್ನೂ ಹೆಚ್ಚು ತೊಂದರೆ ಕೊಡುತ್ತದೆ. ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಕೆಲಸಗಾರರಲ್ಲಿ ಕೆಲಸದಿಂದಲೇ ಬಂದ ಉಬ್ಬಸ ಇರುವುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿದೆ. ಹುಳು ಮನೆಯ ಸೋಂಕು ನಿವಾರಣೆಗೆ ಬಳಸುವ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿಯ ಘಾಟು ಯಾರ ಮೂಗನ್ನಾದರೂ ಕೆರಳಿಸುತ್ತದೆ. ಮೊದಲೇ ಒಗ್ಗದಿಕೆ ಇದ್ದವರಿಗೆ ಉಬ್ಬಸವನ್ನೇ ತರಿಸಬಹುದು.

(5) ಮನೆಯ ಧೂಳು: ಹತ್ತಿಯ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ಧೂಳು ನುಸಿಗಳು ವಾಸಿಸುತ್ತವೆ. ಇವುಗಳ ಮಲವು ವರ್ಷವಿಡೀ ಕಾಡುವ ಒಗ್ಗದಿಕೆಗೆ ಬಹು ಮುಖ್ಯ ಕಾರಣ. ಜಿರಳೆ, ದನಕರುಗಳ ಮೈ ಹೊಟ್ಟು, ಒದ್ದೆ ಗೋಡೆಯ ಬೂಷ್ಟು ಇತರ ಕಾರಣಗಳು.

(6) ಹೊಗೆ: ಸೌದೆ ಒಲೆ, ಆಲೆಮನೆ, ಕಬ್ಬಿನ ಸೋಗೆ ಸುಡುವುದು, ಬೀಡಿ ಸಿಗರೇಟು ಇವುಗಳ ಹೊಗೆಯು ಒಗ್ಗದಿಕೆಯನ್ನು ಸೃಷ್ಟಿಸದಿದ್ದರೂ ಇರುವ ರೋಗವನ್ನು ಉಲ್ಬಣಗೊಳಿಸುತ್ತದೆ. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60ನ್ನು ಮುಟ್ಟಿದರೆ ಬಿಡದ ಕಫ ಕೆಮ್ಮಿನ ಅಪಾಯ ಗಣನೀಯವಾಗುತ್ತದೆಂದು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ. ಅಂದರೆ ದಿನಕ್ಕೆ 3 ಗಂಟೆಯಂತೆ 20 ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ ಗೃಹಿಣಿ ಈ ಮಿತಿಯನ್ನು ತಲುಪಿರುತ್ತಾಳೆ.

ಔಷಧಿ ಸಿಂಪರಣೆಯ ನಂತರ ಮೂಗು ಸೋರಿದರೆ

ಇಲ್ಲಿ ವಿಶೇಷ ಎಚ್ಚರಿಕೆ ಬೇಕು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಶರೀರಕ್ಕೆ ಸೇರಿದಾಗಲೂ ಮೂಗಿನಲ್ಲಿ ಮತ್ತು ಕಣ್ಣಿನಲ್ಲಿ ನೀರು ಸುರಿಯುತ್ತದೆ. ಇದರೊಡನೆ ಜೊಲ್ಲು ಸೋರುವುದು, ವಿಪರೀತ ಬೆವರು, ವಾಂತಿ, ಹೊಟ್ಟೆ ನುಲಿತ, ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಮಾಂಸಖಂಡಗಳ ನಡುಕ ಕಂಡುಬಂದಲ್ಲಿ ಅದು ಒಗ್ಗದಿಕೆಯಲ್ಲ, ವಿಷಬಾಧೆ. ಕೂಡಲೇ ಸಿಂಪರಣೆ ನಿಲ್ಲಿಸಿ, ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಔಷಧಿಯ ಡಬ್ಬ ಅಥವಾ ಅದರ ಚೀಟಿಯೊಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ಪ್ರಾಣಕ್ಕೆ ಅಪಾಯ.

ಮೂಗಿನಿಂದ ಶ್ವಾಸಕೋಶದವರೆಗೆ

ಮೂಗು ಮತ್ತು ಶ್ವಾಸಕೋಶ ಒಂದೇ ದಾರಿಯ ಎರಡು ತುದಿಗಳು. ಉಬ್ಬಸ (ಅಸ್ತಮಾ) ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ಒಗ್ಗದಿಕೆಯೂ ಇರುತ್ತದೆ. ಮೂಗಿನ ರೋಗಕ್ಕೆ ಸರಿಯಾದ ಚಿಕಿತ್ಸೆಯಾದಲ್ಲಿ ಉಬ್ಬಸವೂ ಹತೋಟಿಗೆ ಬರುವುದು ಸುಲಭ. ರಾತ್ರಿ ಅಥವಾ ಮುಂಜಾನೆ ಕೆಮ್ಮು, ಎದೆ ಬಿಗಿತ, ಉಸಿರಾಡುವಾಗ ಸಿಳ್ಳಿನ ಶಬ್ದ, ಕೆಲಸ ಮಾಡುವಾಗ ಹಿಂದಿಗಿಂತ ಬೇಗ ಆಯಾಸ ಇವು ರೋಗ ಕೆಳಗಿಳಿದಿರುವ ಸೂಚನೆಗಳು. ಇದಲ್ಲದೆ ಸೈನಸ್ ಸೋಂಕು, ಮಕ್ಕಳಲ್ಲಿ ಕಿವಿ ಮಂದವಾಗುವುದು, ನಿದ್ರೆಗೆಟ್ಟು ಪಾಠದಲ್ಲಿ ಹಿಂದೆ ಬೀಳುವುದು ಸಹ ಉಂಟು.

ತಡೆಗಟ್ಟುವ ಕ್ರಮಗಳು

ಮೊದಲು ಕಾರಣವನ್ನು ಕಂಡುಕೊಳ್ಳಬೇಕು. ಒಂದು ತಿಂಗಳ ಕಾಲ ಪ್ರತಿದಿನ ಮಾಡಿದ ಕೆಲಸ, ಹೋದ ಜಾಗ, ಸೀನು ಬಂದ ಹೊತ್ತು ಇವನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಲ್ಲಿ ಬಹುಮಟ್ಟಿಗೆ ಕಾರಣ ತಾನೇ ತಿಳಿಯುತ್ತದೆ. ಈ ಪುಸ್ತಕ ವೈದ್ಯರಿಗೂ ಉಪಯುಕ್ತ.

(1) ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ, ಮಳೆ ಬಿದ್ದು ನೆಲ ಹಸಿಯಿರುವಾಗ ಬೇರು ಸಹಿತ ಕೀಳಬೇಕು. ಕೈಗವಸು ಧರಿಸಿ, ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಒಗ್ಗದಿಕೆ ಇರುವವರು ಈ ಕೆಲಸ ಮಾಡಬಾರದು. ಹೂ ಬಿಡದ ಗಿಡಗಳನ್ನು ಗುಂಡಿಗೆ ಹಾಕಿ ಕಾಂಪೋಸ್ಟ್ ಮಾಡಬಹುದು. ಬೆಳೆ ಇಲ್ಲದ ರಸ್ತೆ ಬದಿಯಲ್ಲಿ ಶೇ. 15 ರಿಂದ 20ರ ಅಡಿಗೆ ಉಪ್ಪಿನ ದ್ರಾವಣ (ಲೀಟರ್ ನೀರಿಗೆ 150 ರಿಂದ 200 ಗ್ರಾಂ) ಸಿಂಪಡಿಸಬಹುದು. ಸಾಗುವಳಿ ಭೂಮಿಗೆ ಇದು ತಕ್ಕುದಲ್ಲ. ಬೀಳು ಜಾಗದಲ್ಲಿ ತಗಚೆ ಜಾತಿಯ ಗಿಡಗಳನ್ನು ಬೆಳೆಸಿದಲ್ಲಿ ಕಳೆ ಅಡಗುತ್ತದೆ. 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ ಮುಂದೆ ಹೊಲಗಳಿಗೆ ಬಿಡಲಾದ ಜೈಗೋಗ್ರಾಮಾ ಎಂಬ ಜೀರುಂಡೆ ಮಳೆಗಾಲದಲ್ಲಿ ಇದರ ಎಲೆಯನ್ನು ತಿಂದು ಬೋಳು ಮಾಡುತ್ತದೆ. ಅದು ಕಂಡಲ್ಲಿ ಕೊಲ್ಲಬಾರದು. ಒಬ್ಬರ ಹೊಲ ಸ್ವಚ್ಛವಾದರೆ ಸಾಲದು. ಊರೊಟ್ಟಿನ ಕೆಲಸವಾದರೆ ಮಾತ್ರ ಫಲ.

(2) ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಮೆದೆ ಹಾಕಬೇಕು. ಭತ್ತವನ್ನು ಶೇ. 14ರ ತೇವಾಂಶಕ್ಕೆ ಒಣಗಿಸಿ ದಾಸ್ತಾನು ಮಾಡಬೇಕು. ಒಕ್ಕಣೆ ಮತ್ತು ತೂರುವ ಕಾಲದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಬೂಷ್ಟು ಹಿಡಿದ ಹುಲ್ಲನ್ನು ಬಿಚ್ಚುವ ಮುನ್ನ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

(3) ಮುಖಕ್ಕೆ ಕಟ್ಟುವ ಟವಲ್ ದಪ್ಪ ಧೂಳನ್ನು ತಡೆಯುತ್ತದೆಯೇ ಹೊರತು ಸಣ್ಣ ಬೀಜಕಣಗಳನ್ನಲ್ಲ. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಲ್ಲಿ ಹೆಚ್ಚು ರಕ್ಷಣೆ ಕೊಡುತ್ತದೆ. ಆದರೆ ಫಾರ್ಮಲಿನ್ ಮತ್ತು ಕೀಟನಾಶಕದ ಆವಿಯನ್ನು ಇದೂ ತಡೆಯದು; ಅದಕ್ಕೆ ಬೇರೆ ಬಗೆಯ ಮುಖವಾಡ ಬೇಕು.

(4) ಹುಳು ಸಾಕುವ ಮನೆ ವಾಸದ ಮನೆಯಿಂದ ಪ್ರತ್ಯೇಕವಾಗಿರಬೇಕು. ಹಾಸಿಗೆ ಸ್ವಚ್ಛ ಮಾಡುವಾಗ ಕಿಟಕಿ ತೆರೆದಿರಬೇಕು, ಒಣ ಹಿಕ್ಕೆಯನ್ನು ಕೊಡವಬಾರದು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಒಗ್ಗದಿಕೆ ಇರುವವರು ತೋಟದ ಕೆಲಸ, ಸೊಪ್ಪು ತರುವುದನ್ನು ವಹಿಸಿಕೊಂಡು, ಹಾಸಿಗೆ ಮತ್ತು ಚಂದ್ರಿಕೆಯ ಕೆಲಸವನ್ನು ಮನೆಯ ಇತರರಿಗೆ ಬಿಡುವುದು ಒಳ್ಳೆಯದು. ಹೀಗೆ ಕೆಲಸ ಹಂಚಿಕೊಂಡಲ್ಲಿ ಕಸುಬನ್ನೇ ಬಿಡುವ ಪ್ರಮೇಯ ಎಲ್ಲರಿಗೂ ಬರುವುದಿಲ್ಲ. ಆದರೆ ಹುಳು ಮನೆಗೆ ಕಾಲಿಟ್ಟೊಡನೆ ಉಬ್ಬಸ ಬರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಕೆಲಸದಿಂದ ಬಂದ ಉಬ್ಬಸವನ್ನು ಬೇಗ ಗುರುತಿಸಿ ದೂರವಾದಷ್ಟೂ ಗುಣವಾಗುವ ಅವಕಾಶ ಹೆಚ್ಚು.

(5) ಹೊದಿಕೆ ಮತ್ತು ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಹಾಸಿಗೆಯನ್ನು ಸುಡುಬಿಸಿಲಿಗೆ ಹಾಕಬೇಕು. ಮಲಗುವ ಕೋಣೆಯಲ್ಲಿ ಧಾನ್ಯದ ಚೀಲ ಇಡಬಾರದು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಅಡುಗೆಗೆ ಅನಿಲ ಒಲೆ ಬಳಸಬೇಕು. ಸಾಧ್ಯವಿಲ್ಲದೆಡೆ ಹೊಗೆ ಕೊಳವೆ ಇರುವ ಒಲೆ ಹಾಕಿಸಿಕೊಳ್ಳಬೇಕು.

ಚಿಕಿತ್ಸೆ

ಉಪ್ಪುನೀರಿನಿಂದ ಮೂಗು ತೊಳೆಯುವುದು ಸುಲಭವಾದ ಮತ್ತು ಖರ್ಚಿಲ್ಲದ ಕ್ರಮ. ಒಂದು ದೊಡ್ಡ ಲೋಟ (ಸುಮಾರು 240 ಮಿ.ಲೀ.) ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡ ಬೆರೆಸಿ, ಮುಂದಕ್ಕೆ ಬಾಗಿ ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹೊರಬರಿಸಬೇಕು. ಹೊಳೆ, ನಾಲೆ, ಕೆರೆ ಅಥವಾ ನಲ್ಲಿಯ ನೀರನ್ನು ಕುದಿಸದೆ ಮೂಗಿಗೆ ಎಂದೂ ಹಾಕಬಾರದು. ಅಪರೂಪಕ್ಕೆ ಅಂಥ ನೀರಿನಲ್ಲಿರುವ ಅಮೀಬಾ ಮೂಗಿನ ಮೂಲಕ ಮಿದುಳಿಗೇರಿ ಪ್ರಾಣ ತೆಗೆಯಬಲ್ಲದು.

ಸೀನು ಮತ್ತು ತುರಿಕೆಗೆ ಹಿಸ್ಟಮಿನ್ ವಿರೋಧಿ ಮಾತ್ರೆಗಳನ್ನು ಕೊಡುತ್ತಾರೆ. ಸಿಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಈಗ ಹೆಚ್ಚಾಗಿ ಬಳಕೆಯಲ್ಲಿವೆ. ಹಳೆಯ ಕ್ಲೋರ್ಫೆನಿರಮಿನ್ ಮಾತ್ರೆ ತೂಕಡಿಕೆ ತರುತ್ತದೆ. ಸಿಟ್ರಿಜಿನ್ ಸಹ ಕೆಲವರಿಗೆ ಮಂಪರು ತರಬಹುದು. ಅಂಥ ಮಾತ್ರೆ ನುಂಗಿ ಟ್ರ್ಯಾಕ್ಟರ್, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರಗಳ ಹತ್ತಿರ ಹೋಗಬಾರದು. ವಯಸ್ಸಾದವರಲ್ಲಿ ಹಳೆಯ ಮಾತ್ರೆಗಳಿಂದ ಮೂತ್ರ ಕಟ್ಟುವುದೂ ಉಂಟು.

ಮೂಗು ಕಟ್ಟುವಿಕೆ ಮುಖ್ಯವಾಗಿದ್ದಲ್ಲಿ ಅಥವಾ ತೊಂದರೆ ದಿನವೂ ಇದ್ದಲ್ಲಿ ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧಿ (ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್) ಅತ್ಯಂತ ಪರಿಣಾಮಕಾರಿ. ಇದರ ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕು. ಆದ್ದರಿಂದ ಎರಡು ದಿನ ಬಳಸಿ 'ಉಪಯೋಗವಿಲ್ಲ' ಎಂದು ಬಿಡಬಾರದು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಸಿಂಪಡಿಸಿಕೊಂಡಲ್ಲಿ ಔಷಧಿ ನಡುಗೋಡೆಗೆ ತಾಗದೆ, ರಕ್ತ ಬರುವುದು ತಪ್ಪುತ್ತದೆ.

ಉಬ್ಬಸವಿದ್ದಲ್ಲಿ ಸೇದುವ ಔಷಧಿಯೇ (ಇನ್‌ಹೇಲರ್) ಸರಿಯಾದ ಚಿಕಿತ್ಸೆ. ಇದು ಚಟವಾಗುತ್ತದೆಂಬುದು ತಪ್ಪು ಕಲ್ಪನೆ. ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆ, ಚುಚ್ಚುಮದ್ದುಗಳಿಗಿಂತ ಬಹಳ ಕಡಿಮೆ ಪ್ರಮಾಣದ ಔಷಧಿ ಸಾಕು.

ಇಷ್ಟಕ್ಕೂ ಹತೋಟಿಗೆ ಬಾರದಿದ್ದಲ್ಲಿ, ಚರ್ಮದ ಪರೀಕ್ಷೆಯಿಂದ ಕಾರಣವನ್ನು ನಿಖರವಾಗಿ ಗುರುತಿಸಿ, ಅದೇ ವಸ್ತುವನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಶರೀರಕ್ಕೆ ಒಗ್ಗಿಸುವ ಚಿಕಿತ್ಸೆ ಇದೆ. 1911ರಲ್ಲಿ ಇಂಗ್ಲೆಂಡಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗಕ್ಕೆ ಈ ಕ್ರಮವನ್ನು ಮೊದಲು ವರದಿ ಮಾಡಿದರು. 3 ರಿಂದ 5 ವರ್ಷ ನಡೆಯುವ ಈ ಚಿಕಿತ್ಸೆಯನ್ನು ತಜ್ಞರಿಂದ ಮಾತ್ರ ಪಡೆಯಬೇಕು. ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ, ವೈದ್ಯರು ಹೇಳಿದಂತೆ, ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ.

ಮಾಡಬಾರದ ಕೆಲಸಗಳು

(1) ಮೂಗು ಬಿಡಿಸುವ ಹನಿಗಳನ್ನು (ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್) 5 ದಿನಗಳಿಗಿಂತ ಹೆಚ್ಚು ಬಳಸಬಾರದು. ಹೆಚ್ಚು ದಿನ ಹಾಕಿದಲ್ಲಿ ಹನಿಯಿಂದಲೇ ಮೂಗು ಕಟ್ಟತೊಡಗುತ್ತದೆ.

(2) ಅಂಗಡಿಯಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗುವುದು, ಪ್ರತಿ ಸುಗ್ಗಿಗೂ ಸೂಜಿ ಹಾಕಿಸಿಕೊಳ್ಳುವುದು ಅಪಾಯಕರ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಏರುವುದು, ಮೂಳೆ ಸವೆಯುವುದು ಇದರ ಫಲ.

(3) ಒಗ್ಗದಿಕೆಗೆ ಆಂಟಿಬಯಾಟಿಕ್ ಔಷಧಿಗಳಿಂದ ಪ್ರಯೋಜನವಿಲ್ಲ.

(4) ಮೂಗು ಬಿಡಲೆಂದು ನಶ್ಯ ಸೇದುವುದು ಹೊಗೆಸೊಪ್ಪಿನ ಚಟಕ್ಕೆ ದಾರಿ. ಪೊರೆ ಇನ್ನಷ್ಟು ಕೆಡುತ್ತದೆ.

(5) ಬಾಳೆಹಣ್ಣು, ಮೊಸರು ತಿಂದರೆ ನೆಗಡಿ ಎಂದು ಮಕ್ಕಳಿಗೆ ಅವನ್ನು ತಪ್ಪಿಸುವುದು ಸರಿಯಲ್ಲ. ತಿಂದೊಡನೆ ಬಾಯಿ ತುರಿಕೆ, ತುಟಿ ಊತ, ಮೈಮೇಲೆ ದದ್ದು ಕಾಣುವವರು ಮಾತ್ರ ಅಂಥ ಆಹಾರವನ್ನು ಬಿಟ್ಟು ವೈದ್ಯರನ್ನು ಕಾಣಬೇಕು. ನಂಜನಗೂಡಿನ ರಸಬಾಳೆಗೆ ಅನಗತ್ಯವಾಗಿ ಕೆಟ್ಟ ಹೆಸರು ಬೇಡ.

ಯಾವಾಗ ತಡಮಾಡಬಾರದು?

ಒಂದೇ ಹೊಳ್ಳೆ ಸದಾ ಕಟ್ಟಿರುವುದು ಅಥವಾ ಅದರಿಂದ ರಕ್ತ ಬರುವುದು, ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ (ಕಾಳು ಅಥವಾ ಮಣಿ ಸಿಕ್ಕಿರಬಹುದು), ಮುಖದ ನೋವಿನೊಡನೆ ಜ್ವರ, ಕಣ್ಣಿನ ಸುತ್ತ ಊತ ಇವುಗಳಲ್ಲಿ ಯಾವುದಿದ್ದರೂ ತಾಲ್ಲೂಕು ಆಸ್ಪತ್ರೆಗೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಬೇಕು. ಒಂದು ವಾಕ್ಯವನ್ನು ಪೂರ್ತಿ ಆಡಲಾರದಷ್ಟು ಏದುಸಿರು, ತುಟಿ ನೀಲಿಯಾಗುವುದು, ಸೇದುವ ಔಷಧಿಗೂ ಬಗ್ಗದ ಉಬ್ಬಸ ಇದ್ದಲ್ಲಿ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ವಿಸ್ತರಣಾ ಕಾರ್ಯಕರ್ತರು ಮುಂಗಾರಿನ ಆರಂಭದಲ್ಲಿಯೇ ಗ್ರಾಮ ಪಂಚಾಯಿತಿ, ಶಾಲೆ, ಮಹಿಳಾ ಸಂಘಗಳ ನೆರವಿನಿಂದ ಕಾಂಗ್ರೆಸ್ ಗಿಡದ ನಿರ್ಮೂಲನೆ ಕೈಗೊಳ್ಳಬೇಕು. ರೇಷ್ಮೆ ತರಬೇತಿಗಳಲ್ಲಿ ಹುಳುವಿನ ರೋಗಗಳ ಜೊತೆಗೆ ಹುಳು ಸಾಕುವವರ ಆರೋಗ್ಯದ ವಿಷಯಕ್ಕೂ ಅರ್ಧ ಗಂಟೆ ಮೀಸಲಿಡಬೇಕು. ಒಗ್ಗದಿಕೆಯನ್ನು ಬೇರುಸಹಿತ ಕಿತ್ತು ಹಾಕುವುದು ಸುಲಭವಲ್ಲ; ಆದರೆ ಕಾರಣ ತಿಳಿದು, ಕೆಲಸದ ರೀತಿ ಬದಲಿಸಿ, ಔಷಧಿಯನ್ನು ಕ್ರಮವಾಗಿ ಬಳಸಿದಲ್ಲಿ ಸುಗ್ಗಿಯ ಕಾಲದಲ್ಲಿಯೂ ರೈತನು ಮೂಗಿನ ಕಾಟವಿಲ್ಲದೆ ಕಣದಲ್ಲಿ ದುಡಿದು, ರಾತ್ರಿ ನೆಮ್ಮದಿಯಿಂದ ನಿದ್ರಿಸಬಹುದು.